ಗುಂಡಿ ಪಾಲಿಕೆಯದು, ಬುಷ್ ನಮ್ಮದು

ಬೆಂಗಳೂರಿನ ವಸಂತಪುರದಲ್ಲಿ ಕಾರು ಇಟ್ಟುಕೊಂಡವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿ, ಇಸ್ಕಾನ್ ದೇವಸ್ಥಾನವಿರುವ ವೈಕುಂಠ ಬೆಟ್ಟದ ಕಡೆಗೆ ಏರು ಹತ್ತುವಾಗ ಮುಂದಿನ ಚಕ್ರದ ಹತ್ತಿರ ‘ಕಟ್ ಕಟ್’. ರೇಡಿಯೊ ಜೋರು ಮಾಡಿದರೆ ಈಗ ಕೇಳಿಸದು, ಕೆಲವು ತಿಂಗಳ ಮೇಲೆ ಟೈರಿನ ಬಿಲ್ಲಿನಲ್ಲಿ ಕಾಣಿಸುತ್ತದೆ.

ಗ್ಯಾರೇಜಿಗೆ ಹೋದರೆ ಬರುವ ಉತ್ತರ: ‘ಬುಷ್ ಹೋಗಿದೆ ಸಾರ್, ಸಸ್ಪೆನ್ಷನ್ ಪೂರ್ತಿ ಮಾಡಿಸ್ಬಿಡಿ.’ ಮೊದಲ ಮಾತು ಬಹುಶಃ ನಿಜ. ಎರಡನೆಯದಕ್ಕೆ ತಲೆಯಾಡಿಸುವ ಮುನ್ನ ಯಾವ ಬುಷ್ ಎಂದು ಕೇಳಬೇಕು.

ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಟ್ಟಿರುವುದು ಲೋಯರ್ ಆರ್ಮ್. ಅದು ಕಾರಿನ ಅಡಿಭಾಗಕ್ಕೆ ಸೇರುವ ಕಡೆ ಎರಡು ಬುಷ್‌ಗಳಿರುತ್ತವೆ. ಸಾಮಾನ್ಯ ಬುಷ್ ಎಂದರೆ ಲೋಹದ ಎರಡು ಕೊಳವೆಗಳ ನಡುವೆ ಬಿಗಿಯಾಗಿ ಅಂಟಿಸಿದ ರಬ್ಬರ್. ಚಕ್ರ ಏರಿಳಿದಾಗಲೆಲ್ಲ ಈ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಇದಲ್ಲದೆ ಸ್ಟೆಬಿಲೈಜರ್ ಬಾರ್ ಹಿಡಿದ ಬುಷ್, ಅದರ ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ನೆತ್ತಿಯ ಮೌಂಟ್, ಒಳಗಿನ ಬಂಪ್ ಸ್ಟಾಪ್, ಹಿಂದಿನ ಆ್ಯಕ್ಸಲ್‌ನ ಬುಷ್ ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳನ್ನು ತಿನ್ನುವುದು ಗುಂಡಿ ಮಾತ್ರವಲ್ಲ. ಶಾಖ, ಗಾಳಿಯಲ್ಲಿರುವ ಓಜೋನ್, ಮೇಲಿನಿಂದ ತೊಟ್ಟಿಕ್ಕುವ ಎಂಜಿನ್ ಆಯಿಲ್ ಎಲ್ಲವೂ ಸೇರಿಕೊಳ್ಳುತ್ತವೆ. ಬೇಸ್‌ಮೆಂಟಿನಲ್ಲೇ ನಿಂತ ಕಾರಿನ ರಬ್ಬರ್ ಕೂಡ ವಯಸ್ಸಾದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ರೋಗ ಪತ್ತೆಗೆ ನಮ್ಮ ರಸ್ತೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಎರಡೂ ಚಕ್ರ ಒಟ್ಟಿಗೆ ಏರುವ ಹಂಪ್ ಮೇಲೆ ನಿಧಾನವಾಗಿ ಹೋಗಿ. ಆಮೇಲೆ ಒಂದೇ ಚಕ್ರ ಇಳಿಯುವ ಗುಂಡಿಯನ್ನೋ, ಪೈಪು ಹಾಕಲು ಅಗೆದು ಅರೆಬರೆ ಮುಚ್ಚಿದ ಜಾಗವನ್ನೋ ಹಾಯಿಸಿ. ಹಂಪ್ ಮೇಲೆ ಸುಮ್ಮನಿದ್ದು ಒಂಟಿ ಗುಂಡಿಯಲ್ಲಿ ಕಟಕಟಿಸಿದರೆ ಮೊದಲ ಅನುಮಾನ ಲಿಂಕ್ ರಾಡ್ ಅಥವಾ ಸ್ಟೆಬಿಲೈಜರ್ ಬುಷ್ ಮೇಲೆ. ಎರಡು ಚಕ್ರ ಸಮನಾಗಿ ಏರಿದಾಗ ಆ ಬಾರ್‌ಗೆ ಹೆಚ್ಚು ಕೆಲಸವಿಲ್ಲ, ಒಂದು ಮೇಲೆ ಒಂದು ಕೆಳಗಾದಾಗಲೇ ಅದು ತಿರುಚಿಕೊಳ್ಳುವುದು. ಬ್ರೇಕ್ ಒತ್ತಿದಾಗ ಅಥವಾ ಫಸ್ಟ್ ಗೇರಿನಲ್ಲಿ ಹೊರಡುವಾಗ ಒಂದೇ ಸಲ ‘ಟಕ್’ ಎಂದರೆ ಲೋಯರ್ ಆರ್ಮ್ ಬುಷ್ ನೋಡಿಸಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಬಾನೆಟ್ ಅಡಿಯಲ್ಲಿ ಸ್ಪ್ರಿಂಗ್ ಜಿಗಿದಂತೆ ಕೇಳಿಸಿದರೆ ಮೇಲಿನ ಮೌಂಟ್ ನೋಡಿಸಿ. ಕಾರು ಒಂದು ಕಡೆಗೆ ಎಳೆಯುವುದು, ಟೈರಿನ ಒಳಅಂಚು ಮಾತ್ರ ಸವೆಯುವುದು ಕೂಡ ಇದೇ ಕುಟುಂಬದ ಕುರುಹುಗಳು.

ಇವು ಅನುಮಾನಗಳು, ತೀರ್ಪಲ್ಲ. ತೀರ್ಪು ಲಿಫ್ಟ್ ಮೇಲೆ. ಮೆಕ್ಯಾನಿಕ್ ಉದ್ದನೆಯ ರಾಡ್ ಕೊಟ್ಟು ಮೀಟುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಮೇಲ್ಮೈಯ ಸಣ್ಣ ಬಿರುಕಿಗೆ ಗಾಬರಿ ಬೇಡ. ಬಿರುಕು ಒಳಗಿನ ತನಕ ಹೋಗಿದ್ದರೆ, ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಎಣ್ಣೆ ಕುಡಿದು ಊದಿದ್ದರೆ ಬದಲಾಯಿಸಲೇಬೇಕು. ಮನೆಯಲ್ಲೇ ನೋಡುವ ಉತ್ಸಾಹಿಗಳಿಗೆ ಒಂದು ಮಾತು: ವಸಂತಪುರದ ರಸ್ತೆಗಳು ಇಳಿಜಾರಿನವು, ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಸದ್ದು ನಿಲ್ಲಿಸಲು ಎಣ್ಣೆ ಹೊಡೆಯುವ ಚಾಳಿಯೂ ಬೇಡ. ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರನ್ನು ಇನ್ನಷ್ಟು ಬೇಗ ಕೆಡಿಸುತ್ತದೆ.

ಇನ್ನು ಬದಲಾವಣೆ. ಕೆಲವು ಕಾರುಗಳಿಗೆ ಬುಷ್ ಬಿಡಿಯಾಗಿ ಸಿಗುತ್ತದೆ. ಹಳೆಯದನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಬೇಕು, ಸುತ್ತಿಗೆಯಲ್ಲಿ ಬಡಿದು ಅಲ್ಲ. ಆರ್ಮ್‌ನ ಚಕ್ರದ ಕಡೆಯ ತುದಿಯಲ್ಲಿರುವ ಬಾಲ್ ಜಾಯಿಂಟ್ ಕೂಡ ಸಡಿಲವಾಗಿದ್ದರೆ ಪೂರ್ತಿ ಆರ್ಮ್ ಹಾಕಿಸುವುದೇ ಜಾಣತನ. ಬಿಡಿಭಾಗವನ್ನು ನೀವೇ ತರುವುದಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ದೂರವಿಲ್ಲ, ಕಾರು ಗ್ಯಾರೇಜಿನಲ್ಲೇ ಇರಲಿ. ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18 ಮಾತ್ರ, ಹಳೆಯ ಶೇ 28 ಹಾಕಿದ್ದರೆ ಪ್ರಶ್ನಿಸಿ.

ಅವಸರದ ಗ್ಯಾರೇಜುಗಳು ತಪ್ಪುವ ಒಂದು ಜಾಗವನ್ನು ನೆನಪಿಡಿ. ಅಂಟಿಸಿದ ರಬ್ಬರಿನ ಬುಷ್ ಹಾಕಿದ ಮೇಲೆ ಬೋಲ್ಟನ್ನು ಕೊನೆಯ ಬಾರಿ ಬಿಗಿಯುವುದು ಕಾರಿನ ಭಾರ ಚಕ್ರಗಳ ಮೇಲೆ ಕೂತಾಗ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗನೆ ಹರಿಯುತ್ತದೆ. ಹೊಸ ಬುಷ್ ‘ಲೋಕಲ್ ಮಾಲು’ ಎಂದು ಬೈಸಿಕೊಳ್ಳುವಾಗ ಎಷ್ಟೋ ಸಲ ತಪ್ಪು ಬಿಗಿದ ಕೈಯದೇ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬದಲಾಯಿಸಿದ ಹಳೆಯ ಬುಷ್ ಕೇಳಿ ಪಡೆಯಿರಿ, ಅದು ನಿಮ್ಮದು.

ಈಗ ಖರ್ಚಿನ ಮಾತು. ವಿಮೆ ಈ ಬಿಲ್ಲನ್ನು ಕಟ್ಟುವುದಿಲ್ಲ. ಸವಕಳಿ ಎಂದು ಪಾಲಿಸಿಯೇ ಹೊರಗಿಟ್ಟಿದೆ. ಕರ್ನಾಟಕದಲ್ಲಿ ಕಾರು ನೋಂದಣಿಯ ಹೊತ್ತಿಗೇ ಜೀವಿತಾವಧಿ ತೆರಿಗೆ ಕಟ್ಟಿಸಿಕೊಂಡವರು ರಸ್ತೆಯನ್ನು ನೆಟ್ಟಗಿಡದಿದ್ದರೆ, ವ್ಯತ್ಯಾಸದ ಮೊತ್ತ ನಮ್ಮ ಬುಷ್‌ಗಳಿಂದ ವಸೂಲಾಗುತ್ತದೆ. ಒಳ್ಳೆಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಆದರೆ ಇಂಥ ಗುಂಡಿಯಿಂದಲೇ ಇಂಥ ಬುಷ್ ಸವೆಯಿತು ಎಂದು ಸಾಬೀತು ಮಾಡುವುದು ಹೇಗೆ? ಪರಿಹಾರ ಕೇಳಲು ಹೊರಟವನು ಅಲ್ಲೇ ಸೋಲುತ್ತಾನೆ. ನಿಧಾನವಾಗಿ ಆಗುವ ನಷ್ಟಕ್ಕೆ ಸಾಕ್ಷಿ ಇರುವುದಿಲ್ಲ.

ಸಾಕ್ಷಿ ಸಿಗುವ ಜಾಗ ಒಂದಿದೆ, ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿಯ ದುಂಡು ಹಂಪ್‌ಗೆ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂಬ ಲೆಕ್ಕ. ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ, ಬಣ್ಣವೂ ಇಲ್ಲದ, ಗೋಡೆಯಂತೆ ನಿಂತ ಡಾಂಬರು ದಿಬ್ಬಗಳು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಅವುಗಳಲ್ಲಿ ಕೆಲವನ್ನು ಹಾಕಿಸಿದ್ದು ಪಾಲಿಕೆಯಲ್ಲ, ಪಕ್ಕದ ಬೀದಿಯ ನಾವೇ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಹೊಸ ಕಚೇರಿಗೆ ಹಳೆಯ ಗೋಳು ಒಪ್ಪಿಸಿ ಫಲವಿಲ್ಲ, ಅಳತೆ ಒಪ್ಪಿಸೋಣ. ನಿವಾಸಿಗಳ ಸಂಘದವರು ಒಂದು ಭಾನುವಾರ ಟೇಪ್ ಹಿಡಿದು ತಮ್ಮ ಬೀದಿಯ ಹಂಪ್‌ಗಳನ್ನೆಲ್ಲ ಅಳೆಯಲಿ. ಎತ್ತರ, ಅಗಲ, ಜಾಗದ ಗುರುತು, ಫೋಟೊ ಇವಿಷ್ಟನ್ನು ಬರೆದು ವಾರ್ಡ್ ಎಂಜಿನಿಯರ್‌ಗೆ ಕೊಟ್ಟು ಸ್ವೀಕೃತಿ ಪಡೆಯಲಿ. ‘ರಸ್ತೆ ಸರಿಯಿಲ್ಲ’ ಎಂಬ ದೂರಿಗೆ ‘ನೋಡೋಣ’ ಎನ್ನಬಹುದು. 18 ಸೆಂ.ಮೀ. ಎತ್ತರದ ಹಂಪ್‌ನ ಮುಂದೆ ನಿಂತು ಹಾಗೆನ್ನುವುದು ಕಷ್ಟ.