ಒಮ್ಮೆ ಶಿಕ್ಷೆಯಾದರೆ ಡಾಕ್ಟರ್, ನರ್ಸ್ ಆಗಲು ಸಾಧ್ಯವೇ ಇಲ್ಲವೇ? ಕಾನೂನು ಹೇಳುವುದೇನು?

ಕಲ್ಯಾಣ ನಗರ, ಬಾಣಸವಾಡಿ, ಹೆಣ್ಣೂರು ಕಡೆ ನರ್ಸಿಂಗ್, ಫಾರ್ಮಸಿ ಓದುವವರು ಬಹಳ ಮಂದಿ ಇದ್ದಾರೆ. ಇಂಥ ವಿದ್ಯಾರ್ಥಿಗಳ ನಡುವೆ ಸುಲಭಕ್ಕೆ ಹೋಗದ ಒಂದು ನಂಬಿಕೆ ಇದೆ: 'ಹೆಸರಿನ ಮೇಲೆ ಒಂದು ಕೇಸ್ ಬಿತ್ತು ಅಂದರೆ ಲೈಸೆನ್ಸ್ ಸಿಗಲ್ಲ, ಓದಿದ್ದೆಲ್ಲ ನೀರಲ್ಲಿ ಹೋಮ.' ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: 'ಫಾರ್ಮ್‌ನಲ್ಲಿ ಬರೆಯದಿದ್ದರೆ ಯಾರಿಗೂ ಗೊತ್ತಾಗಲ್ಲ.' ಎರಡೂ ಪೂರ್ತಿ ನಿಜವಲ್ಲ. ಎರಡನೆಯದಂತೂ ಮೊದಲನೆಯದಕ್ಕಿಂತ ಅಪಾಯಕಾರಿ. ಹೇಗೆ ಎಂದು ನೋಡೋಣ.

ಕೇಸ್ ಬೇರೆ, ಶಿಕ್ಷೆ ಬೇರೆ

ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ ಅರ್ಥ. ಚಾರ್ಜ್‌ಶೀಟ್ ಎಂದರೆ ಪೊಲೀಸರು ತನಿಖೆ ಮುಗಿಸಿ ಆರೋಪ ಹೊರಿಸಿದ್ದಾರೆ. ವಿಚಾರಣೆ ನಡೆದು ನ್ಯಾಯಾಲಯ 'ದೋಷಿ' ಎಂದು ತೀರ್ಪು ಕೊಟ್ಟಾಗ ಮಾತ್ರ ಅಪರಾಧ ಸಾಬೀತಾದಂತೆ. ವೃತ್ತಿ ನೋಂದಣಿಯ ಕಾನೂನುಗಳು ಸಾಮಾನ್ಯವಾಗಿ ನೋಡುವುದು ಈ ಕೊನೆಯ ಹಂತವನ್ನು.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಪಿಜಿಯಲ್ಲೋ ರಸ್ತೆಯಲ್ಲೋ ಸಣ್ಣ ಹೊಡೆದಾಟವಾಗಿ ಕೇಸ್ ಆಗುತ್ತದೆ. 'ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡು' ಎಂದು ಯಾರೋ ಸಲಹೆ ಕೊಡುತ್ತಾರೆ. ದಂಡ ಎಷ್ಟೇ ಸಣ್ಣದಿರಲಿ, ತಪ್ಪೊಪ್ಪಿಕೊಂಡು ಕಟ್ಟಿದರೆ ಅದು ಶಿಕ್ಷೆಯೇ. ಅದೇ ಕಾನೂನು ಅವಕಾಶ ಕೊಡುವ ಪ್ರಕರಣದಲ್ಲಿ ದೂರುದಾರರ ಜೊತೆ ರಾಜಿಯಾದರೆ, ಅದು ಖುಲಾಸೆಗೆ ಸಮ. ಎರಡರಲ್ಲೂ ಕೇಸ್ ಮುಗಿಯುತ್ತದೆ. ಆದರೆ ಹತ್ತು ವರ್ಷದ ನಂತರ 'ನಿಮಗೆ ಶಿಕ್ಷೆಯಾಗಿದೆಯೇ?' ಎಂದು ಫಾರ್ಮ್ ಕೇಳಿದಾಗ ಉತ್ತರ ಬೇರೆ ಬೇರೆ.

ಮೇಲ್ಮನವಿಯಲ್ಲೂ ಇಂಥದ್ದೇ ಗೊಂದಲವಿದೆ. ಅಪೀಲು ಹಾಕಿ ಜಾಮೀನು ಸಿಕ್ಕರೆ ಸಾಮಾನ್ಯವಾಗಿ ಶಿಕ್ಷೆಯ ಜಾರಿ ಮಾತ್ರ ನಿಲ್ಲುತ್ತದೆ, 'ದೋಷಿ' ಎಂಬ ತೀರ್ಪು ಹಾಗೇ ಇರುತ್ತದೆ. ತೀರ್ಪಿಗೇ ತಡೆ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಹಾಗಾದರೆ ನಿಯಮ ಏನು?

ಭಾರತದಲ್ಲಿ 'ಶಿಕ್ಷೆಯಾದವರು ಆರೋಗ್ಯ ಕ್ಷೇತ್ರಕ್ಕೆ ಬರುವಂತಿಲ್ಲ' ಎನ್ನುವ ಒಂದೇ ಕಾನೂನು ಇಲ್ಲ. ಪ್ರತಿ ವೃತ್ತಿಗೂ ಅದರದ್ದೇ ಕಾಯ್ದೆ, ಅದರದ್ದೇ ಪರಿಷತ್ತು.

ವೈದ್ಯರ ವಿಷಯದಲ್ಲಿ ಈಗಲೂ ಮುಖ್ಯವಾದದ್ದು 2002ರ ವೃತ್ತಿ ನೀತಿ ನಿಯಮಾವಳಿ. (2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು.) 'ನೈತಿಕ ಅಧಃಪತನ' ಒಳಗೊಂಡ ಅಪರಾಧಕ್ಕೆ ಶಿಕ್ಷೆಯಾದರೆ ಅದು ವೃತ್ತಿ ದುರ್ನಡತೆ ಎಂದು ಅದು ಹೇಳುತ್ತದೆ. ಆದರೆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಪರಿಷತ್ತು ವೈದ್ಯರ ಮಾತು ಕೇಳಬೇಕು, ಆಮೇಲೆ ಒಂದು ಅವಧಿಗೋ ಶಾಶ್ವತವಾಗಿಯೋ ಹೆಸರು ತೆಗೆಯಬಹುದು. ಅದರ ವಿರುದ್ಧ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಗೆ ಮೇಲ್ಮನವಿ ಹೋಗಬಹುದು.

ಫಾರ್ಮಸಿಸ್ಟ್‌ಗಳಿಗೆ 1948ರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಇದೆ. ಶಿಕ್ಷೆಯಾಗಿದೆ ಎಂದಷ್ಟೇ ಸಾಲದು, ಆ ಅಪರಾಧ ವ್ಯಕ್ತಿಯನ್ನು 'ಪಟ್ಟಿಯಲ್ಲಿರಲು ಅನರ್ಹ'ನನ್ನಾಗಿ ಮಾಡುತ್ತದೆ ಎಂದು ಸಮಿತಿಗೆ ಅನಿಸಬೇಕು. ಇಲ್ಲೂ ವಿಚಾರಣೆ ಕಡ್ಡಾಯ. ತೆಗೆದ ಹೆಸರನ್ನು ಮತ್ತೆ ಸೇರಿಸಲು 37ನೇ ಸೆಕ್ಷನ್‌ನಲ್ಲಿ ದಾರಿಯೂ ಇದೆ.

ಪರಿಷತ್ತಿನ ವಿವೇಚನೆಗೆ ಬಿಡದ ಕಾನೂನು

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದಕ್ಕಿಂತ ಕಠಿಣ. ನ್ಯಾಯಾಲಯ ದೋಷಾರೋಪ ನಿಗದಿ ಮಾಡಿದಾಗಲೇ ವೈದ್ಯರ ಹೆಸರನ್ನು ಪರಿಷತ್ತಿಗೆ ಕಳಿಸಬೇಕು. ಕೇಸ್ ಮುಗಿಯುವವರೆಗೆ ನೋಂದಣಿ ಅಮಾನತಾಗಬಹುದು. ಶಿಕ್ಷೆಯಾದರೆ ಮೊದಲ ಸಲ 5 ವರ್ಷ, ಮತ್ತೆ ತಪ್ಪು ಮಾಡಿದರೆ ಶಾಶ್ವತವಾಗಿ ಹೆಸರು ಹೋಗುತ್ತದೆ.

2023ರ ಕೊನೆಯಲ್ಲಿ ನಮ್ಮ ಪೂರ್ವ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಪತ್ತೆಹಚ್ಚಿದ ಭ್ರೂಣಹತ್ಯೆ ಜಾಲ ನೆನಪಿರಬಹುದು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬ ಆರೋಪದ ಆ ಪ್ರಕರಣ ಆಮೇಲೆ ಸಿಐಡಿಗೆ ಹೋಯಿತು. ವೃತ್ತಿಯ ಉಪಕರಣವೇ ಅಪರಾಧದ ಆಯುಧವಾಗಬಹುದು ಎಂಬ ಆತಂಕದಿಂದಲೇ ಈ ಕಾಯ್ದೆ ಇಷ್ಟು ಬಿಗಿಯಾಗಿದೆ.

ಎಲ್ಲ ಅಪರಾಧವೂ ಒಂದೇ ಅಲ್ಲ

'ನೈತಿಕ ಅಧಃಪತನ' ಎಂದರೇನು ಎಂದು ಯಾವ ಕಾಯ್ದೆಯೂ ಗೆರೆ ಹಾಕಿ ಹೇಳಿಲ್ಲ. ಹರಿಯಾಣದ ಒಬ್ಬರಿಗೆ ಸಾರ್ವಜನಿಕವಾಗಿ ಅಸಭ್ಯವಾಗಿ ವರ್ತಿಸಿದ ಸಣ್ಣ ಪ್ರಕರಣದಲ್ಲಿ 20 ರೂಪಾಯಿ ದಂಡ ಬಿದ್ದಿತ್ತು, ಅಷ್ಟಕ್ಕೇ ಅವರ ಸರ್ಕಾರಿ ಕೆಲಸ ಹೋಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸಣ್ಣಪುಟ್ಟ ದಂಡಕ್ಕೆ ಜೀವನವೇ ಹಾಳಾಗಬಾರದು ಎಂಬುದು ಅದರ ಧಾಟಿ. ಆದರೆ ವಂಚನೆ, ಲೈಂಗಿಕ ದೌರ್ಜನ್ಯ, ಮಾದಕ ವಸ್ತು ಮಾರಾಟದಂಥ ಅಪರಾಧಗಳ ಮಾತು ಬೇರೆ. ಪ್ರಜ್ಞೆಯಿಲ್ಲದ ರೋಗಿಯ ಪಕ್ಕ ರಾತ್ರಿ ಒಬ್ಬರೇ ಇರುವವರು ನರ್ಸ್. ನಿಯಂತ್ರಿತ ಔಷಧಗಳ ಬೀಗದ ಕೈ ಇರುವುದು ಫಾರ್ಮಸಿಸ್ಟ್ ಬಳಿ. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಶಿಕ್ಷೆಯಾಗಿದೆಯೇ' ಎಂಬುದಷ್ಟೇ ಅಲ್ಲ, 'ಆ ಅಪರಾಧಕ್ಕೂ ಈ ಕೆಲಸಕ್ಕೂ ನಂಟಿದೆಯೇ' ಎಂಬುದೂ ಹೌದು.

ಇನ್ನೆರಡು ರಕ್ಷಣೆಗಳು ತಿಳಿದಿರಲಿ. 18 ವರ್ಷದೊಳಗೆ ಮಾಡಿದ ತಪ್ಪಿಗೆ ಬಾಲನ್ಯಾಯ ಕಾಯ್ದೆಯಡಿ ವಿಚಾರಣೆಯಾಗಿದ್ದರೆ, ಆ ಕಾರಣಕ್ಕೆ ಮುಂದೆ ಅನರ್ಹತೆ ಅಂಟುವುದಿಲ್ಲ. 16 ದಾಟಿ, ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ಇದು ಅನ್ವಯಿಸದು. 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮೇಲೆ ಬಿಡುಗಡೆಯಾದವರಿಗೂ ಶಿಕ್ಷೆಯ ಜೊತೆ ಬರುವ ಅನರ್ಹತೆ ಇಲ್ಲ. ಆದರೆ ನಡತೆಯ ಬಗ್ಗೆ ಶಿಸ್ತುಕ್ರಮಕ್ಕೆ ಅದು ಅಡ್ಡಿಯಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ?

ಫಾರ್ಮಸಿ ಕಾಯ್ದೆಯ ಅದೇ 36ನೇ ಸೆಕ್ಷನ್‌ನಲ್ಲಿ, ಮುಖ್ಯ ಸಂಗತಿ ಮುಚ್ಚಿಟ್ಟು ನೋಂದಣಿ ಪಡೆದಿದ್ದರೆ ಅದೊಂದೇ ಹೆಸರು ತೆಗೆಯಲು ಸಾಕಾದ ಕಾರಣ. ಉದ್ಯೋಗದ ಬಗ್ಗೆ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ದಿಕ್ಕಿನ ಮಾತು. ಕೊಡುವ ಮಾಹಿತಿ ನಿಜವಿರಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ಮುಚ್ಚಿಟ್ಟಿದ್ದನ್ನೂ ಮನ್ನಿಸಬಹುದು, ಗಂಭೀರವಾದರೆ ಕೆಲಸ ಹೋಗಬಹುದು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ.

ವಿದೇಶಕ್ಕೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು. ಬ್ರಿಟನ್‌ನ ನರ್ಸಿಂಗ್ ಪರಿಷತ್ತು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ನಡತೆಯ ಬಗ್ಗೆ ಸ್ವಯಂ ಘೋಷಣೆಯನ್ನೂ ಕೇಳುತ್ತದೆ. ಅಲ್ಲಿ ಅಪರಾಧಕ್ಕಿಂತ ಸುಳ್ಳೇ ದೊಡ್ಡ ತೊಡಕಾಗಬಹುದು.

ಕಲಬುರಗಿಯಿಂದ ಒಂದು ಉತ್ತರ

ಕಲಬುರಗಿ ಜಿಲ್ಲೆಯ ಒಬ್ಬರು 1997ರಲ್ಲಿ ಎಂಬಿಬಿಎಸ್ ಸೇರಿದರು. 2002ರಲ್ಲಿ ಕೊಲೆ ಪ್ರಕರಣದಲ್ಲಿ ಜೈಲು ಸೇರಿದರು. ಜೈಲಿನ ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡಿದರು. ಸನ್ನಡತೆಯ ಆಧಾರದ ಮೇಲೆ 2016ರಲ್ಲಿ ಹೊರಬಂದು, 2019ರಲ್ಲಿ ಎಂಬಿಬಿಎಸ್ ಮುಗಿಸಿ, ಮುಂದೆ ಕ್ಲಿನಿಕ್ ತೆರೆದ ಸುದ್ದಿ 2020ರಲ್ಲಿ ದೇಶದ ಪತ್ರಿಕೆಗಳಲ್ಲಿ ಬಂತು. ಇದನ್ನು ಓದಿ ಕೆಲವರು ಮೆಚ್ಚಿಕೊಂಡಾರು, ಕೆಲವರಿಗೆ ಕಸಿವಿಸಿಯಾದೀತು. ಎರಡೂ ಸಹಜವೇ. ಆದರೆ 'ಒಮ್ಮೆ ಜೈಲಿಗೆ ಹೋದರೆ ಮುಗಿಯಿತು' ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ನಾವು ಹೇಳುವುದಿಷ್ಟು

ಶಿಕ್ಷೆಯಾದವರಿಗೆ ಬಾಗಿಲು ತಾನಾಗಿ ಮುಚ್ಚುವುದಿಲ್ಲ, ತಾನಾಗಿ ತೆರೆಯುವುದೂ ಇಲ್ಲ. ಅಪರಾಧ ಯಾವುದು, ಆಗ ವಯಸ್ಸೆಷ್ಟು, ಎಷ್ಟು ಕಾಲವಾಯಿತು, ಆಮೇಲಿನ ಬದುಕು ಹೇಗಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮನೆಯಲ್ಲಿ ಇಂಥ ಚಿಂತೆ ಇದ್ದರೆ ಮೊದಲು ತೀರ್ಪಿನ ಅಧಿಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಅದು ಶಿಕ್ಷೆಯೋ, ರಾಜಿಯೋ, ಖುಲಾಸೆಯೋ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಿ. ಫೀಸು ಕಟ್ಟುವ ಮೊದಲೇ ಸಂಬಂಧಪಟ್ಟ ಪರಿಷತ್ತನ್ನು ಬರಹದಲ್ಲಿ ಕೇಳಿ. ಫಾರ್ಮ್ ಏನು ಕೇಳುತ್ತದೋ ಅದಕ್ಕೆ ನಿಜವನ್ನೇ ಬರೆಯಿರಿ.