ಮನೆವಾರ್ತೆ: ಹಿರಿಯರ ಫೋನಿಗೆ ಎಷ್ಟು ಇಂಟರ್ನೆಟ್ಟು ಸಾಕು?

ನವೆಂಬರು ಮಾಸವು ಸಮೀಪಿಸಿತೆಂದರೆ ಪಿಂಚಣಿದಾರರಿರುವ ಮನೆಗಳಲ್ಲಿ ಒಂದು ಬಗೆಯ ಕಾತರ ಆರಂಭವಾಗುತ್ತದೆ. ತಾವಿನ್ನೂ ಬದುಕಿರುವೆವೆಂದು ಸರ್ಕಾರಕ್ಕೆ ತಾವೇ ತಿಳಿಸಬೇಕಾದ ತಿಂಗಳು ಅದು. ರೈಲ್ವೆ ಮೊದಲಾದ ಕೇಂದ್ರ ಇಲಾಖೆಗಳಿಂದ ನಿವೃತ್ತರಾದವರು ಹಿಂದೆ ಇದಕ್ಕಾಗಿ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಎಂಬ ಏರ್ಪಾಡು ಬಂದಿತು. 2021ರಿಂದ ಮೊಬೈಲಿನ ಕ್ಯಾಮರಾಕ್ಕೆ ಮುಖ ತೋರಿಸಿಯೂ ಪ್ರಮಾಣಪತ್ರ ಪಡೆಯುವಂತಾಯಿತು. ಹೊಸಪೇಟೆಯಲ್ಲಿ ಒಂಟಿಯಾಗಿರುವ ಎಪ್ಪತ್ತೈದರ ತಾಯಿಗೆ ಬೆಂಗಳೂರಿನ ಮಗನು ಫೋನು ಕೊಡಿಸುವುದು ಬಹುಮಟ್ಟಿಗೆ ಇಂಥದೊಂದು ನೆಪದಿಂದಲೇ. ಫೋನು ಕೊಳ್ಳುವುದು ಒಂದು ದಿನದ ಕೆಲಸ. ಅದಕ್ಕೆ ಯಾವ ಸಂಪರ್ಕ, ವರ್ಷಕ್ಕೆ ಎಷ್ಟು ವೆಚ್ಚ ಎಂಬಲ್ಲಿ ತೊಡಕು ಮೊದಲಾಗುತ್ತದೆ.

ಅಂಗಡಿಯವನು ಸಾಮಾನ್ಯವಾಗಿ ಸೂಚಿಸುವುದು 28 ದಿನಗಳ, ದಿನಕ್ಕೆ ಒಂದೂವರೆ ಜಿ.ಬಿ.ಯ ಯೋಜನೆಯನ್ನು. ಒಟ್ಟು 42 ಜಿ.ಬಿ. ಆಯಿತು. ಆ ತಾಯಿಯ ಬಳಕೆಯಾದರೋ ವಾರಕ್ಕೊಮ್ಮೆ ಮೊಮ್ಮಕ್ಕಳ ಮುಖ ನೋಡುವುದು, ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದ ದೇವರ ಪಟಗಳನ್ನು ತೆರೆಯುವುದು, ತಿಂಗಳಿಗೊಮ್ಮೆ ವಿದ್ಯುತ್ತಿನ ಬಿಲ್ಲು ಕಟ್ಟುವುದು. ವಿಡಿಯೊ ಕರೆಗಳನ್ನು ಸೇರಿಸಿಕೊಂಡರೂ ತಿಂಗಳಿಗೆ ಎರಡು ಮೂರು ಜಿ.ಬಿ. ಧಾರಾಳವಾಗಿ ಸಾಕು. ಉಳಿದುದು ಮಧ್ಯರಾತ್ರಿಗೆ ಅಳಿದುಹೋಗುತ್ತದೆ. ಇಂಥ ಯೋಜನೆಗಳಲ್ಲಿ ಅದು ಮರುದಿನದ ಲೆಕ್ಕಕ್ಕೆ ಸೇರುವುದು ಅಪರೂಪ. ಒಬ್ಬರಿರುವ ಮನೆಯಲ್ಲಿ ದಿನವೂ ಮದುವೆಯ ಅಡಿಗೆ ಮಾಡಿಸಿದಂತೆ. “ಯಾಕಪ್ಪಾ, ಸುಮ್ನೆ ರೊಕ್ಕ ಹಾಳು ಮಾಡ್ತೀ?” ಎಂದು ಕೇಳುವ ತಾಯಂದಿರ ಲೆಕ್ಕವೇ ಇಲ್ಲಿ ಸರಿ.

28 ದಿನಗಳೆಂಬುದರಲ್ಲಿಯೂ ಒಂದು ಜಾಣತನವಿದೆ. ತಿಂಗಳೆಂದು ತೋರಿದರೂ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ತೆರಬೇಕಾಗುತ್ತದೆ. ಪ್ರತಿ ಸಲವೂ ತಾರೀಖು ಬದಲಾಗುವುದರಿಂದ ವಯಸ್ಸಾದವರಿಗೆ ನೆನಪೂ ಉಳಿಯದು. ಈ ಕಾರಣದಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ಜನವರಿಯಲ್ಲಿ, 30 ದಿನಗಳದೊಂದು ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದನ್ನೂ ಇಟ್ಟಿರಲೇಬೇಕೆಂದು ಕಂಪೆನಿಗಳಿಗೆ ವಿಧಿಸಿತು. ಕೇಳದ ಹೊರತು ಅಂಗಡಿಯಲ್ಲಿ ಇವುಗಳ ಮಾತೆತ್ತುವವರು ಕಡಿಮೆ.

ಆದರೆ ವೃದ್ಧರ ವಿಷಯದಲ್ಲಿ ಇಂಟರ್ನೆಟ್ಟಿಗಿಂತ ಹೆಚ್ಚು ಬೆಲೆಯುಳ್ಳದ್ದು ಆ ಹತ್ತಂಕಿಯ ಸಂಖ್ಯೆ. ಬ್ಯಾಂಕು, ಆಧಾರ್, ಗ್ಯಾಸು, ಪಿಂಚಣಿ ಎಲ್ಲವೂ ಅದಕ್ಕೆ ಗಂಟುಬಿದ್ದಿರುತ್ತವೆ. ಮಗಳ ಮನೆಗೆಂದು ನಾಲ್ಕು ತಿಂಗಳು ಹೋದವರು ಫೋನನ್ನು ಬೀರುವಿನಲ್ಲಿಟ್ಟು ಮರೆತರೆ, ಹಿಂತಿರುಗುವ ವೇಳೆಗೆ ಸಂಖ್ಯೆ ಸತ್ತಿರಬಹುದು. ಕಾಲಾನಂತರದಲ್ಲಿ ಅದು ಬೇರೊಬ್ಬರ ಪಾಲಾಗುವುದೂ ಉಂಟು. ಆಮೇಲೆ ಬ್ಯಾಂಕಿನ ಓ.ಟಿ.ಪಿ. ಯಾರ ಕೈ ಸೇರೀತು? ಪ್ರಾಧಿಕಾರದ 2013ರ ನಿಯಮದಂತೆ, ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನಗಳ ತನಕ ಬಳಸದಿದ್ದರೂ ರದ್ದುಮಾಡುವಂತಿಲ್ಲ. ಅದರ ಬಳಿಕವೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು 30 ದಿನಗಳಷ್ಟು ಮುಂದುವರಿಸಬೇಕು. ಯೋಜನೆಯ ಅವಧಿ ಮುಗಿದು ಕರೆಗಳು ನಿಲ್ಲುವುದು ಬೇರೆ, ಸಂಖ್ಯೆಯೇ ಅಳಿಯುವುದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮಕ್ಕಳು ಆ ಖಾತೆಯಲ್ಲಿ ನೂರು ರೂಪಾಯಿಯ ಟಾಪ್‌ಅಪ್ ಹಾಕಿಟ್ಟಿದ್ದರೆ ಅಷ್ಟರಮಟ್ಟಿಗೆ ನಿಶ್ಚಿಂತೆ.

ಇದಕ್ಕಿಂತ ಒಳ್ಳೆಯ ದಾರಿಯೊಂದು 2024ರ ಡಿಸೆಂಬರಿನಲ್ಲಿ ತೆರೆಯಿತು. ಇಂಟರ್ನೆಟ್ಟು ಬೇಡದವರಿಗಾಗಿ ಬರಿಯ ಕರೆ ಮತ್ತು ಎಸ್ಸೆಮ್ಮೆಸ್ಸುಗಳ ಯೋಜನೆಯನ್ನು ಪ್ರತ್ಯೇಕವಾಗಿ ಮಾರಬೇಕೆಂದು ಪ್ರಾಧಿಕಾರವು ಆಜ್ಞಾಪಿಸಿತು. ಇಂಥ ವಿಶೇಷ ಯೋಜನೆಗಳ ಗರಿಷ್ಠ ಅವಧಿಯನ್ನೂ 90 ದಿನಗಳಿಂದ 365ಕ್ಕೆ ಏರಿಸಿತು. ಯುಗಾದಿಗೊಮ್ಮೆ ಮಗನು ಇದನ್ನು ಮಾಡಿಸಿಟ್ಟರೆ ವರ್ಷವಿಡೀ ಸಂಖ್ಯೆ ಜೀವಂತ. ವಿಡಿಯೊ ಕರೆಯ ಅಗತ್ಯವಿರುವ ತಿಂಗಳು ಸಣ್ಣದೊಂದು ಡೇಟಾ ಪ್ಯಾಕನ್ನು ಅದರ ಮೇಲೆ ಹಾಕಿದರಾಯಿತು. ಅದು ಈ ಮೂಲಯೋಜನೆಯ ಮೇಲೆ ನಡೆಯುವುದೇ, ಎಷ್ಟು ದಿನ ಬಾಳುವುದು ಎಂಬೆರಡನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳುವುದು ಮೇಲು. ಪ್ರತಿವಾರವೂ ವಿಡಿಯೊ ಬೇಕೆನ್ನುವ ಮನೆಗೆ, ಅವಧಿಗೆಲ್ಲ ಸೇರಿ ಇಂತಿಷ್ಟು ಜಿ.ಬಿ. ಎಂದು ಒಟ್ಟಾಗಿ ಕೊಡುವ ದೀರ್ಘಾವಧಿಯ ಯೋಜನೆ ಹೊಂದುತ್ತದೆ. ಅದರಲ್ಲಿ ಮಧ್ಯರಾತ್ರಿಯ ಕಾಟವಿಲ್ಲ.

‘ಅನಿಯಮಿತ’ ಎಂಬ ಪದಕ್ಕೆ ಮಾತ್ರ ಮರುಳಾಗಬಾರದು. ಮಿತಿ ಮುಗಿದೊಡನೆ ವೇಗವನ್ನು 64 ಕೆ.ಬಿ.ಪಿ.ಎಸ್.ಗೆ ಇಳಿಸುವ ಯೋಜನೆಗಳು ಹಲವು. ಸೆಕೆಂಡಿಗೆ 8 ಕಿಲೊಬೈಟು! 200 ಕಿಲೊಬೈಟಿನ ಒಂದು ಪಟ ಬರಲು 25 ಸೆಕೆಂಡು ಬೇಕು. ವಿಡಿಯೊ ಕರೆಯ ಮಾತಂತೂ ದೂರ. 2023ರ ಜನವರಿಯಿಂದ ಸರ್ಕಾರವು ಬ್ರಾಡ್‌ಬ್ಯಾಂಡೆಂದು ಒಪ್ಪುವ ಕನಿಷ್ಠ ವೇಗ 2 ಎಂ.ಬಿ.ಪಿ.ಎಸ್.

ಇನ್ನು ಕಂಪೆನಿ ಯಾವುದೆಂಬ ಪ್ರಶ್ನೆ. ಇದಕ್ಕೆ ಬೆಂಗಳೂರಿನಿಂದ ಉತ್ತರ ಕೊಡಲಾಗದು. ಹೊಸಪೇಟೆಯ ಪೇಟೆಬೀದಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆದಾವು. ಹಂಪೆಯ ಸುತ್ತಲಿನ ಸಂಗತಿ ಹಾಗಲ್ಲ. ಬಂಡೆಗಳ ರಾಶಿ ಅಲೆಗಳಿಗೆ ಅಡ್ಡ ನಿಲ್ಲುತ್ತದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕಾರ್ಯ ನಿಷಿದ್ಧವಾದುದರಿಂದ ಗೋಪುರವನ್ನು ಬೇಕೆಂದಲ್ಲಿ ನಿಲ್ಲಿಸುವಂತೆಯೂ ಇಲ್ಲ. ಸಂಡೂರು ಗುಡ್ಡಗಳ ನಡುವಿನ ಊರು. ಒಂದು ಓಣಿಯಲ್ಲಿ ತುಂಬಿ ಬರುವ ಸಿಗ್ನಲ್ಲು ಗುಡ್ಡದ ಮರೆಯ ಓಣಿಯಲ್ಲಿ ಕ್ಷೀಣಿಸೀತು. 700, 900 ಮೆಗಾಹರ್ಟ್ಸಿನಂಥ ಕೆಳಗಿನ ತರಂಗಗಳು ದೂರ ಸಾಗುತ್ತವೆ, ಗೋಡೆಯನ್ನೂ ಹೆಚ್ಚು ಸುಲಭವಾಗಿ ದಾಟುತ್ತವೆ. ಮೇಲಿನವು ವೇಗವಾದರೂ ಬೇಗ ಸೋಲುತ್ತವೆ. ಕಂಪ್ಲಿಯ ಗದ್ದೆಬಯಲಿನಲ್ಲಿ ಗುಡ್ಡಗಳ ತೊಡಕು ಅಷ್ಟಿಲ್ಲ. ಆದರೂ ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಗಳೊಳಗೆ, ಅಜ್ಜಿ ಕೂಡುವ ನಡುಮನೆಯಲ್ಲಿ, ಅಂಗಳದ ಅರ್ಧದಷ್ಟೂ ಸಿಗ್ನಲ್ಲು ಸಿಗದಿರಬಹುದು. ನೆರೆಮನೆಯವರ, ನೆಂಟರ ಬೇರೆ ಬೇರೆ ಕಂಪೆನಿಗಳ ಫೋನುಗಳನ್ನು ಅದೇ ಕೋಣೆಯಲ್ಲಿ, ಸಂಜೆಯ ಹೊತ್ತು, ಒಮ್ಮೊಮ್ಮೆ ಪರೀಕ್ಷಿಸುವುದು ಜಾಹೀರಾತಿಗಿಂತ ನಂಬಿಕೆಯ ವಿಧಾನ. ಬೇರೆ ಕಂಪೆನಿಯೇ ಮೇಲೆನಿಸಿದರೆ ಸಂಖ್ಯೆಯನ್ನು ಬಿಡಬೇಕಾಗಿಲ್ಲ: ಈಗಿನ ಕಂಪೆನಿಯಲ್ಲಿ 90 ದಿನ ಕಳೆದಿದ್ದರೆ 1900ಕ್ಕೆ ‘ಪೋರ್ಟ್’ ಸಂದೇಶ ಕಳಿಸಿ ಅದೇ ಸಂಖ್ಯೆಯೊಡನೆ ಹೋಗಬಹುದು. ಹಳೆಯ ಖಾತೆಯ ಬಾಕಿ ಹಣ ಮಾತ್ರ ಜೊತೆಗೆ ಬಾರದು.

ಮನೆಗೆ ಫೈಬರ್ ತಂತಿ ಎಳೆಸುವ ಉತ್ಸಾಹ ಕೆಲವು ಮಕ್ಕಳಿಗೆ. ಒಬ್ಬರೇ ಇರುವ ಮನೆಗೆ ಅದು ಭಾರವೇ ಸರಿ. ಜಾಹೀರಾತಿನಲ್ಲಿ 399 ಎಂದು ಕಂಡ ಬಾಡಿಗೆಗೆ ಶೇಕಡಾ 18ರ ತೆರಿಗೆ ಸೇರಿದರೆ ತಿಂಗಳಿಗೆ 470 ರೂಪಾಯಿ 82 ಪೈಸೆ. ವರ್ಷಕ್ಕೆ ಐದು ಸಾವಿರದ ಆರುನೂರೈವತ್ತು ಸಮೀಪಿಸುತ್ತದೆ. ಕರೆಂಟು ಹೋದರೆ ಪೆಟ್ಟಿಗೆಯೂ ಮಲಗುತ್ತದೆ. ಮೊಬೈಲಿನ ಖರ್ಚು ಇದರಿಂದ ತಪ್ಪುವುದೂ ಇಲ್ಲ, ಸಂಖ್ಯೆಯನ್ನು ಉಳಿಸಿಕೊಳ್ಳಲೇಬೇಕಲ್ಲ! ಗೋಡೆಗಳು ಸಿಗ್ನಲ್ಲನ್ನು ಒಳಬಿಡದ ಮನೆಗೆ, ಅಥವಾ ಮಗಳು ಅಲ್ಲಿಂದಲೇ ಕಚೇರಿಯ ಕೆಲಸ ಮಾಡುವ ಮನೆಗೆ ಮಾತ್ರ ಇದು ಯೋಗ್ಯ.

ಇದೆಲ್ಲದರ ಗೊಡವೆಯೇ ಬೇಡ, ಗುಂಡಿಯ ಫೋನೇ ಸಾಕು ಎನ್ನುವ ಹಿರಿಯರನ್ನು ಒತ್ತಾಯಿಸಿ ಫಲವಿಲ್ಲ. 2022ರ ಮಾರ್ಚಿನಿಂದ ಅಂಥ ಫೋನಿನಲ್ಲಿಯೂ ‘ಯು.ಪಿ.ಐ. 123ಪೇ’ ಮೂಲಕ ಹಣ ಕಳುಹಿಸುವ ಅನುಕೂಲವಿದೆ. ಜೀವಿತ ಪ್ರಮಾಣಪತ್ರಕ್ಕೂ ಅವರದೇ ಫೋನು ಬೇಕೆಂದಿಲ್ಲ; ದೀಪಾವಳಿಗೆ ಬಂದ ಮಗನ ಫೋನಿಗೇ ಮುಖ ತೋರಿಸಿದರೆ ಸಾಕು, ಓ.ಟಿ.ಪಿ.ಗಾಗಿ ಅವರ ಸಂಖ್ಯೆ ಹತ್ತಿರವಿದ್ದರಾಯಿತು. ಮಕ್ಕಳು ಬರುವಂತಿಲ್ಲದಿದ್ದರೆ ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಪರವಾಗಿ ಅಂಚೆಯವನೇ ಮನೆಗೆ ಬಂದು ಅದನ್ನು ಮಾಡಿಕೊಡುವ ವ್ಯವಸ್ಥೆ 2020ರಲ್ಲಿ ಆರಂಭವಾಯಿತು. ಆಗ ಗೊತ್ತುಮಾಡಿದ ಶುಲ್ಕ 70 ರೂಪಾಯಿ. ಎಂಬತ್ತು ತುಂಬಿದ ಕೇಂದ್ರ ಪಿಂಚಣಿದಾರರು ನವೆಂಬರಿಗೆ ಕಾಯಬೇಕಾಗಿಲ್ಲ, ಅಕ್ಟೋಬರಿನ ಮೊದಲ ತಾರೀಖಿನಿಂದಲೇ ಒಪ್ಪಿಸಬಹುದು.