ಗಾಜಿನ ತೊಟ್ಟಿಯಲ್ಲಿ ಕಡಲು: ಬೇಕೆ, ಬೇಡವೆ?

ಚರ್ಚೆಯ ಪ್ರಶ್ನೆ: ಬೆಂಗಳೂರಿನಂಥ ಒಳನಾಡಿನ ಊರಿನಲ್ಲಿ ಅಕ್ವೇರಿಯಂ ಹವ್ಯಾಸಿಯೊಬ್ಬರು ಸಿಹಿನೀರು ಬಿಟ್ಟು ಉಪ್ಪುನೀರಿನ ಮೀನು ಸಾಕುವುದು ಸರಿಯೆ?

ಪರ: ಕಡಲಿಗೆ ಹೆದರುವವರು ಗಪ್ಪಿಯನ್ನೂ ಸಾಕಬಾರದು

ಮೆರೈನ್ ಟ್ಯಾಂಕ್ ಇಡಬೇಕೆಂದಿದ್ದೇನೆ ಎಂದರೆ ಮೊದಲು ತಡೆಯುವವನು ಮೀನಂಗಡಿಯವನೇ. "ಬೇಡ ಸಾರ್, ಗಪ್ಪಿನೋ ಮೋಲಿನೋ ತಗೊಂಡ್ಹೋಗಿ, ಆರಾಮಾಗಿರ್ತೀರ." ಉಪ್ಪುನೀರು ದುಬಾರಿ, ಉಪ್ಪುನೀರು ಕಷ್ಟ, ಉಪ್ಪುನೀರಿನ ಮೀನು ಬದುಕುವುದಿಲ್ಲ ಎಂದು ಮೂರು ಮಾತು ಸೇರಿಸುತ್ತಾನೆ. ದುಬಾರಿ ಎಂಬುದನ್ನು ಒಪ್ಪುತ್ತೇನೆ. ಮಿಕ್ಕ ಎರಡನ್ನು ಒಪ್ಪಲಾರೆ. (ಅಂದಹಾಗೆ ಅವನು ತೋರಿಸಿದ ಆ ಮೋಲಿಯನ್ನೇ ನಿಧಾನವಾಗಿ ಒಗ್ಗಿಸಿದರೆ ಅದು ಪೂರ್ತಿ ಕಡಲ ನೀರಿನಲ್ಲೂ ಬದುಕಬಲ್ಲದು.)

ಕಷ್ಟ ಎಲ್ಲಿದೆ ನೋಡೋಣ. ಮೀನು ಉಸಿರಾಡುವುದೂ ಹೊಲಸು ಬಿಡುವುದೂ ಅದೇ ನೀರಿಗೆ. ಅದರ ಮೈಯಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟಾಗಿಯೂ, ಅದನ್ನು ಇನ್ನೊಂದು ಬಗೆಯದು ಅಷ್ಟೇನೂ ವಿಷವಲ್ಲದ ನೈಟ್ರೇಟಾಗಿಯೂ ಬದಲಿಸಬೇಕು. ಈ ಸಂಸಾರ ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಸಿಹಿನೀರಾಗಲಿ ಉಪ್ಪುನೀರಾಗಲಿ ಈ ನಿಯಮ ಒಂದೇ. ಆದರೆ ಟ್ಯಾಂಕ್ ತಂದ ಸಂಜೆಯೇ ಹತ್ತು ಗೋಲ್ಡ್ ಫಿಷ್ ಬಿಟ್ಟು, ವಾರದೊಳಗೆ ಒಂದೊಂದನ್ನೇ ಬಲೆಯಲ್ಲಿ ಎತ್ತಿ ಹಾಕುವವರು ಹೆಚ್ಚಾಗಿ ಸಿಹಿನೀರಿನವರೇ. ಅಗ್ಗದ ಮೀನು, ಸತ್ತರೆ ಇನ್ನೊಂದು ತಂದರಾಯಿತು. ಉಪ್ಪುನೀರಿನ ಹವ್ಯಾಸಿಗೆ ಆ ಉಡಾಫೆ ಸಾಧ್ಯವಿಲ್ಲ. ಅವನು ಮೀನು ಕೊಳ್ಳುವ ಮೊದಲೇ ಓದಿರುತ್ತಾನೆ, ಕಾದಿರುತ್ತಾನೆ, ನೀರನ್ನು ಪರೀಕ್ಷಿಸಿರುತ್ತಾನೆ. ಬೆಲೆಯೇ ಅವನಿಗೆ ಶಿಸ್ತು ಕಲಿಸುತ್ತದೆ.

ಹೆಚ್ಚುವರಿ ಕೆಲಸವೆಂದರೆ ಉಪ್ಪಿನ ಲೆಕ್ಕ. ಲೀಟರಿಗೆ ಸುಮಾರು 35 ಗ್ರಾಂ, ಅಂದರೆ 100 ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ಅಡುಗೆಮನೆಯ ಉಪ್ಪು ನಡೆಯದು, ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಬೆರೆಸಿದ ಸಮುದ್ರದ ಉಪ್ಪಿನ ಪುಡಿ ಬೇಕು. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ತೊಟ್ಟಿಯ ಮಟ್ಟ ಇಳಿದಾಗ ಸುರಿಯಬೇಕಾದ್ದು ಸಿಹಿನೀರು. ಇಷ್ಟು ತಿಳಿದವರಿಗೆ ಅರ್ಧ ವಿದ್ಯೆ ಬಂದ ಹಾಗೆ. ಇನ್ನು ಬೆಂಗಳೂರಿನ ಹವೆ ನಮ್ಮ ಪಾಲಿನ ಅದೃಷ್ಟ. ಹವಳದ ದಿಬ್ಬದ ಮೀನಿಗೆ 25 ಡಿಗ್ರಿ ಸುತ್ತಿನ ನೀರು ಹಿತ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬೇಸಿಗೆಗೆ ಚಿಲ್ಲರ್ ಇಲ್ಲದೆ ಇದನ್ನು ಯೋಚಿಸುವಂತಿಲ್ಲ. ಇಲ್ಲಿ ವರ್ಷದ ಬಹುಪಾಲು ಒಂದು ಫ್ಯಾನ್ ಸಾಕು.

ಇಷ್ಟೆಲ್ಲ ಮಾಡಿ ಸಿಗುವುದೇನು? ಕ್ಲೌನ್ ಫಿಷ್ ಜೋಡಿಯನ್ನೇ ತೆಗೆದುಕೊಳ್ಳಿ. ಈ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡಾಗುವ ದಾರಿಯಲ್ಲೇ ಇರುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಬದಲಾಗಿ, ಕೆಳಗಿನ ಮೀನೊಂದು ಗಂಡನ ಜಾಗಕ್ಕೆ ಬರುತ್ತದೆ. 2003ರ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ಹೆಂಡತಿಯನ್ನು ಕಳೆದುಕೊಂಡ ಕ್ಲೌನ್ ಫಿಷ್ ಅಪ್ಪನ ಕಥೆ ನಿಜದ ಕಡಲಿನಲ್ಲಿ ಹೇಗೆ ಮುಂದುವರಿಯಬೇಕಿತ್ತೆಂದು ಮಕ್ಕಳಿಗೆ ವಿವರಿಸಲು ಸ್ವಲ್ಪ ಧೈರ್ಯ ಬೇಕು! ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾವಲು ಕಾಯುವುದು ಗಂಡಿನ ಕೆಲಸ. ಚೆನ್ನಾಗಿ ನೋಡಿಕೊಂಡರೆ ಈ ಜೋಡಿ ಇಪ್ಪತ್ತು ವರ್ಷ ಬಾಳಬಲ್ಲದು. ಗಪ್ಪಿಯ ಆಯಸ್ಸು ಎರಡು ವರ್ಷದ ಸುತ್ತಮುತ್ತ.

ಕಡಲಿನಿಂದ ಕದ್ದು ತರುತ್ತೀರಿ ಎಂಬ ದೂರು ಬಂದೇ ಬರುತ್ತದೆ. ಕ್ಲೌನ್ ಫಿಷನ್ನು ಮರಿಮಾಡಿಸುವ ವಿಧಾನ ನಮ್ಮ ದೇಶದಲ್ಲೇ ಇದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳ ಹ್ಯಾಚರಿ ತಂತ್ರವನ್ನು ಬೆಳೆಸಿದೆ. ಇಂಡೊನೇಷ್ಯಾದ ಬಾಂಗಾಯ್ ದ್ವೀಪಗಳಲ್ಲಿ ಮಾತ್ರ ಸಹಜವಾಗಿ ಸಿಗುವ ಬಾಂಗಾಯ್ ಕಾರ್ಡಿನಲ್ ಮೀನಿನಲ್ಲಂತೂ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ, ಆದ್ದರಿಂದ ಮನೆಯ ತೊಟ್ಟಿಯಲ್ಲೂ ಸಂತಾನ ಸಾಧ್ಯ. ಹಿಡಿದು ತಂದ ಕಾರಣಕ್ಕೆ ಕಡಲಿನಲ್ಲಿ ಅಳಿಯುತ್ತಿರುವ ಮೀನನ್ನು ತೊಟ್ಟಿಯಲ್ಲಿ ಬೆಳೆಸುವವರೂ ಹವ್ಯಾಸಿಗಳೇ.

ಸಿಹಿನೀರಿನವರ ಕೈ ತೊಳೆದಷ್ಟು ಶುದ್ಧವೇನಲ್ಲ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ 'ಮಿಸ್ ಕೇರಳ' ಮೀನನ್ನು ನೆನೆಯಿರಿ. 1865ರಲ್ಲಿ ಫ್ರಾನ್ಸಿಸ್ ಡೇ ವಿಜ್ಞಾನಕ್ಕೆ ಪರಿಚಯಿಸಿದ, ಮೈಮೇಲೆ ಕೆಂಪು ಗೆರೆಯಿರುವ ಈ ಚೆಲುವೆ ಕೇರಳ ಕರ್ನಾಟಕಗಳ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಹುಟ್ಟುವುದಿಲ್ಲ. ವಿದೇಶದ ಸಿಹಿನೀರಿನ ತೊಟ್ಟಿಗಳಿಗಾಗಿ ಬಲೆ ಬೀಸಿದ್ದೂ ಅದು ಅಳಿವಿನಂಚಿನ ಪಟ್ಟಿ ಸೇರಲು ಒಂದು ಕಾರಣ. ಹಾಗೆಂದು ಹಿಡಿದ ಮೀನೆಲ್ಲ ಪಾಪದ ಮೀನೂ ಅಲ್ಲ. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ಬಾರ್ಸೆಲೋಸ್‌ನಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿದು ಬದುಕುವವರಿಗೆ ಕಾಡು ಕಡಿಯದೆ ಇರಲು ಆ ಮೀನೇ ಆಧಾರ. ಪ್ರಶ್ನೆ ನೀರಿನ ಉಪ್ಪಿನದಲ್ಲ, ಮೀನು ಬಂದ ದಾರಿಯದು.

ವಿರೋಧ: ಬಂದ ದಾರಿಯನ್ನೇ ಕೇಳೋಣ

ಕೊನೆಯ ಆ ವಾಕ್ಯವನ್ನು ಎದುರು ಪಕ್ಷದವರೇ ಹೇಳಿಕೊಟ್ಟದ್ದು ಒಳ್ಳೆಯದಾಯಿತು. ನನ್ನ ಆಕ್ಷೇಪವೆಲ್ಲ ಅಲ್ಲಿಂದಲೇ ಶುರು.

ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿ ಹುಟ್ಟಿದವು. ಚೆನ್ನೈನ ಕೊಳತ್ತೂರಿನಲ್ಲಿ ಮನೆ ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ, ಏಂಜೆಲ್, ಫೈಟರ್ ಹುಟ್ಟುತ್ತವೆ, ಹಲವಾರು ಸಂಸಾರಗಳು ಅದರಿಂದಲೇ ಉಣ್ಣುತ್ತವೆ. ಉಪ್ಪುನೀರಿನಲ್ಲಿ ಲೆಕ್ಕ ತಿರುಗುಮುರುಗು. ಕ್ಲೌನ್ ಫಿಷ್‌ನಂಥ ಕೆಲವನ್ನು ಬಿಟ್ಟರೆ ಅಂಗಡಿಯಲ್ಲಿ ಮಿನುಗುವ ಬಣ್ಣಗಳಲ್ಲಿ ಬಹುಪಾಲು ಕಡಲಿನಿಂದ ಹಿಡಿದವೇ. ಹಿಡಿಯುವ ಬಗೆಯೂ ಕೇಳುವಂಥದ್ದಲ್ಲ. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಲ್ಲಿ ಹವಳದ ಸಂದಿಗೆ ಸಯನೈಡ್ ಚಿಮುಕಿಸಿ, ಮಂಪರಾದ ಮೀನನ್ನು ಬಾಚಿಕೊಳ್ಳುವ ಪದ್ಧತಿ ದಶಕಗಳಿಂದ ಇದೆ. ಅಲ್ಲಿ ಹವಳವೂ ಸಾಯುತ್ತದೆ. ಬದುಕಿ ಬಂದ ಮೀನು ನಿಮ್ಮ ತೊಟ್ಟಿಯಲ್ಲಿ ಕೆಲವು ವಾರಗಳ ಮೇಲೆ, ನೀರಿನ ಪರೀಕ್ಷೆಯೆಲ್ಲ ಸರಿಯಿದ್ದಾಗಲೇ, ಕಾರಣ ತಿಳಿಯದಂತೆ ಸಾಯಬಹುದು. ಬೆಲೆ ಶಿಸ್ತು ಕಲಿಸುತ್ತದೆಂಬ ಮಾತು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದು ಇಂದಿನ ಕಥೆಯೂ ಅಲ್ಲ. ಮನೆಯಲ್ಲಿ ಅಕ್ವೇರಿಯಂ ಇಡುವ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದಾಗ ಹಬ್ಬಿಸಿದ್ದು ಕಡಲ ಅಕ್ವೇರಿಯಂ. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪುಸ್ತಕ ಬರೆದು, ಇಂಗ್ಲೆಂಡ್ ತೀರದ ಬಂಡೆಗಳ ನಡುವಿನ ಜೀವಲೋಕವನ್ನು ಚಿತ್ರ ಸಮೇತ ಜನರಿಗೆ ತೋರಿಸಿದ. ಜನ ಉಳಿ, ಬುಟ್ಟಿ ಹಿಡಿದು ತೀರಕ್ಕೆ ಇಳಿದರು. ಅವನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ, ಆ ತೀರ ಬರಿದಾದದ್ದನ್ನೂ ಅದಕ್ಕೆ ತಂದೆಯ ಪುಸ್ತಕಗಳೇ ತಿಳಿಯದೆ ಕಾರಣವಾದದ್ದನ್ನೂ ನೋವಿನಿಂದ ಬರೆದಿದ್ದಾನೆ. ಗಾಸ್ ಕಡಲನ್ನು ಪ್ರೀತಿಸಿದವನು. ಪ್ರೀತಿಸುವವರಿಂದಲೇ ಆದ ಹಾನಿ ಅದು.

ಕಾನೂನಿನ ಮಾತನ್ನು ಗೆಳೆಯರು ಜಾಣತನದಿಂದ ಬಿಟ್ಟಿದ್ದಾರೆ. ಜರ್ಮನಿಯ ಹವ್ಯಾಸಿಗಳು ಮನೆಯ ತೊಟ್ಟಿಯಲ್ಲಿ ಹವಳ ಬೆಳೆಸಿದರು, ಬರ್ಲಿನ್ ವಿಧಾನ ಎಂದೇ ಅದಕ್ಕೆ ಹೆಸರು ಬಂತು, ಎಲ್ಲ ಸರಿ. ಆದರೆ ನಮ್ಮಲ್ಲಿ ದಿಬ್ಬ ಕಟ್ಟುವ ಹವಳ, ಕಡಲ ಬೀಸಣಿಗೆ, ಕಡಲ ಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಅಂದರೆ ಉಪ್ಪುನೀರಿನ ತೊಟ್ಟಿಯ ನಿಜವಾದ ಸೊಬಗು ಯಾವುದೋ ಅದನ್ನು ಕಾನೂನಿಗೆ ತಲೆಬಾಗುವ ಕನ್ನಡಿಗ ಮುಟ್ಟುವಂತಿಲ್ಲ. ಸೆರಾಮಿಕ್ ಕಲ್ಲು, ಪ್ಲಾಸ್ಟಿಕ್ ಹವಳ, ನಡುವೆ ಎರಡು ಕಿತ್ತಳೆ ಮೀನು. ಅಷ್ಟಕ್ಕೆ ಹೊಲಸು ತೆಗೆಯುವ ಸ್ಕಿಮ್ಮರ್, ಅಲೆ ಎಬ್ಬಿಸುವ ವೇವ್ ಮೇಕರ್, ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಎಲ್ಲ ಬೇಕೆ?

ಆರ್‌ಒ ಎಂದಾಗ ನೀರಿನ ಲೆಕ್ಕ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್. ಉಪ್ಪು ಬೆರೆಸಲು ಶುದ್ಧ ನೀರೇ ಆಗಬೇಕು. ಮನೆಬಳಕೆಯ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದನ್ನು ಊರು ಇಷ್ಟು ಬೇಗ ಮರೆತಿರಲಾರದು. ತೊಟ್ಟಿಯ ಅಳತೆಗೆ ಇದು ದೊಡ್ಡ ಮೊತ್ತವಲ್ಲ, ಆ ಹೊರಬಿಟ್ಟ ನೀರಿನಲ್ಲಿ ನೆಲ ಒರೆಸಬಹುದು, ಅದನ್ನು ಒಪ್ಪುತ್ತೇನೆ. ಆದರೆ ವಾರ ವಾರ ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಏನು ಮಾಡುತ್ತೀರಿ? ಚರಂಡಿಗೆ ಸುರಿಯಬೇಕು. ಸಿಹಿನೀರಿನ ತೊಟ್ಟಿಯಿಂದ ತೆಗೆದ ಬಕೆಟ್ ನೇರ ಮಲ್ಲಿಗೆ ಬುಡಕ್ಕೆ, ಕರಿಬೇವಿನ ಬುಡಕ್ಕೆ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ನಮ್ಮ ಮನೆಯ ಟೆರೇಸ್ ಗಿಡಗಳು ಬೇಸಿಗೆ ದಾಟುವುದೇ ಆ ನೀರಿನಲ್ಲಿ.

ಕರೆಂಟಿನದೂ ಹೀಗೆಯೇ. ಅದೇ ಉಷ್ಣತೆಯಲ್ಲಿ ಕಡಲ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟು ಪಂಪ್ ನಿಂತರೆ ಯುಪಿಎಸ್ ಇಲ್ಲದ ಮೆರೈನ್ ತೊಟ್ಟಿ ಬೆಳಗಿನ ಹೊತ್ತಿಗೆ ಸ್ಮಶಾನ. ಸಿಹಿನೀರಿನ ಫೈಟರ್ ಮತ್ತು ಗೌರಾಮಿಯಾದರೆ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಿ ಮತ್ತೆ ಕೆಳಗಿಳಿಯುತ್ತವೆ. ಕೆರೆ, ಗದ್ದೆಯ ನಿಂತ ನೀರಿನಲ್ಲಿ ಬದುಕಿ ಕಲಿತ ವಿದ್ಯೆ.

ಸೊಬಗಿಗೆ ಕೊರತೆಯೆ? ಜಪಾನಿನ ತಕಾಶಿ ಅಮಾನೊ ಎಂಬಾತ ಕಲ್ಲು, ಕಟ್ಟಿಗೆ, ಪಾಚಿ, ಪುಟ್ಟ ಗಿಡಗಳನ್ನಷ್ಟೇ ಇಟ್ಟುಕೊಂಡು ಸಿಹಿನೀರಿನ ತೊಟ್ಟಿಯನ್ನು ಕಾಡಿನ ಚಿತ್ರವಾಗಿಸಿದ. 2015ರಲ್ಲಿ, ತಾನು ತೀರಿಹೋಗುವ ವರ್ಷ, ಲಿಸ್ಬನ್ನಿನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ ತೊಟ್ಟಿಯೊಂದನ್ನು ಕಟ್ಟಿಕೊಟ್ಟ. ಗಮನಿಸಿ, ಹೆಸರಿನಲ್ಲೇ ಸಾಗರವಿರುವ ಕಟ್ಟಡ ಸಿಹಿನೀರಿನವನನ್ನು ಕರೆದು ಕೂರಿಸಿತು. ಹೀಗೆ ಗಿಡ ನೆಟ್ಟ ಪ್ಲಾಂಟೆಡ್ ಟ್ಯಾಂಕ್ ನಮ್ಮಲ್ಲೂ ಹಬ್ಬಿದೆ. ಇದರಲ್ಲಿ ಮೀನು ಹೊಲಸು ಮಾಡುತ್ತದೆ, ಆ ಹೊಲಸನ್ನು ಗಿಡ ತಿನ್ನುತ್ತದೆ, ಗಿಡ ಕತ್ತರಿಸಿ ಪಕ್ಕದ ಮನೆಯವರಿಗೆ ಕೊಡುತ್ತೇವೆ. ಗಪ್ಪಿ ಮರಿ ಹೆಚ್ಚಾದರೆ ಬಾಟಲಿಯಲ್ಲಿ ಹಂಚುತ್ತೇವೆ. ಕ್ಲೌನ್ ಮರಿಗೆ ಮೊದಲ ತುತ್ತಾಗಿ ರೋಟಿಫರ್ ಎಂಬ ಕಣ್ಣಿಗೆ ಕಾಣದ ಜೀವಿಯನ್ನು ಬೇರೆಯದೇ ತೊಟ್ಟಿಯಲ್ಲಿ ಬೆಳೆಸಬೇಕು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ತನ್ನ ಕೈಯಾರೆ ಮರಿ ಬೆಳೆಸುವುದು ಯಾವುದರಲ್ಲಿ ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಪಕ್ಷದ ಹುಳುಕನ್ನೂ ಮುಚ್ಚಿಡುವುದಿಲ್ಲ. ಮಿಸ್ ಕೇರಳದ ವಿಷಯ ನಿಜ. ಅದಕ್ಕಿಂತ ದೊಡ್ಡ ಪಾಪ, ಸಾಕಿ ಬೇಸರವಾದ ಸಕ್ಕರ್ ಮೀನನ್ನು ಕೆರೆಗೆ ಬಿಡುವುದು. ದಕ್ಷಿಣ ಅಮೆರಿಕದ ಆ ಮುಳ್ಳುಮೈಯ ಮೀನು ಇಂದು ದೇಶದ ಎಷ್ಟೋ ಕೆರೆಗಳಲ್ಲಿ ಬಲೆ ಹರಿದು ಮೀನುಗಾರರ ಶಾಪಕ್ಕೆ ಗುರಿಯಾಗಿದೆ. ಇದರಲ್ಲಿ ಉಪ್ಪುನೀರಿನವರೂ ಹಿಂದೆ ಬಿದ್ದಿಲ್ಲ, ನಮ್ಮ ಕಡೆಯ ಸಾಗರದ ಲಯನ್ ಫಿಷ್ 1985ರಲ್ಲಿ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡು ಕೆರಿಬಿಯನ್ನಿನವರೆಗೆ ಹರಡಿದ್ದರ ಹಿಂದೆ ಅಕ್ವೇರಿಯಂನವರ ಕೈಯಿದೆ ಎಂದೇ ವಿಜ್ಞಾನಿಗಳ ಅಂದಾಜು.

ಮಂಡಪಂನ ಹ್ಯಾಚರಿಯ ಬಗ್ಗೆ ನನಗೂ ಹೆಮ್ಮೆಯಿದೆ. ಅಲ್ಲಿನ ತಂತ್ರದಿಂದ ಹುಟ್ಟಿದ ಮೀನು ಇದು ಎಂದು ಬಿಲ್ಲಿನ ಮೇಲೆ ಬರೆದು ಕೊಡುವ ಅಂಗಡಿ ಸಿಕ್ಕಿದ ದಿನ ಈ ವಾದದ ಅರ್ಧವನ್ನು ಹಿಂದಕ್ಕೆ ಪಡೆಯುತ್ತೇನೆ. ಸದ್ಯ ಎಲ್ಲಿಯದು ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕಿರುವುದು "ಇಂಪೋರ್ಟೆಡ್ ಮೇಡಂ" ಎಂಬ ಒಂದೇ ಉತ್ತರ.